ಲಡಾಖ್‌ಗೆ ಬ್ಯಾಗ್ ಕಟ್ಟುವ ಮುಂಚೆ

ಲಡಾಖ್‌ಗೆ ಹೊರಡುವ ನಮ್ಮ ಕಡೆಯವರು ಮೊದಲು ಮಾಡುವ ಕೆಲಸ ಅಂದರೆ ಒಂದು ದಪ್ಪ ಜಾಕೆಟ್ ಕೊಳ್ಳುವುದು. ನನ್ನ ಕೇಳಿದರೆ ಅದು ಕೊನೆಯ ಕೆಲಸ. ಜಾಕೆಟ್ ಲೇಹ್ ಪೇಟೆಯಲ್ಲೇ ದಿನದ ಬಾಡಿಗೆಗೆ ಸಿಗುತ್ತದೆ. ಅಲ್ಲಿ ನಡುಗುತ್ತಾ ನಿಂತವರಲ್ಲಿ ಹೆಚ್ಚಿನವರ ಹತ್ತಿರ ಜಾಕೆಟ್ ಇದ್ದೇ ಇರುತ್ತದೆ. ಆದರೆ ಅದು ಸೂಟ್‌ಕೇಸ್‌ನಲ್ಲಿರುತ್ತದೆ. ಸೂಟ್‌ಕೇಸ್ ಗಾಡಿಯ ಮೇಲೆ ಟಾರ್ಪಾಲಿನ ಕೆಳಗಿರುತ್ತದೆ. ಗಾಡಿ 5,300 ಮೀಟರ್ ದಾಟಿದ ಚಾಂಗ್ ಲಾ ಅನ್ನುವ ಘಾಟಿಯ ತುದಿಯಲ್ಲಿ ನಿಂತಿರುತ್ತದೆ. ಆ ಗಾಳಿಯಲ್ಲಿ 'ಅಣ್ಣಾ, ಹಗ್ಗ ಬಿಚ್ಚಿಕೊಡು' ಅಂತ ಡ್ರೈವರ್‌ಗೆ ಹೇಳಿ ನೋಡಿ, ಗೊತ್ತಾಗುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಡಿಕೆಗೆ ಬೋರ್ಡೋ ಮದ್ದು ಹೊಡೆದು ಮುಗಿದು, ಕೊಯ್ಲು ಶುರುವಾಗುವ ಮುಂಚೆ ಸೆಪ್ಟೆಂಬರ್‌ನಲ್ಲಿ ಒಂದಿಷ್ಟು ಬಿಡುವು ಸಿಗುತ್ತದೆ. ಆಗ ನೆಂಟರಿಷ್ಟರನ್ನು ಕಟ್ಟಿಕೊಂಡು ಲಡಾಖ್‌ಗೆ ಹೊರಡುವುದು ನನಗಿರುವ ಒಂದು ಹುಚ್ಚು. ಹಾಗಾಗಿ ಏನೇನು ತಗೊಂಡು ಹೋಗಬೇಕು ಅಂತ ಊರವರೆಲ್ಲ ನನ್ನನ್ನೇ ಕೇಳುತ್ತಾರೆ. ಫೋನಲ್ಲಿ ಎಲ್ಲರಿಗೂ ಹೇಳುವುದಕ್ಕಿಂತ ಬರೆದಿಡುವುದೇ ವಾಸಿ. ಇದು ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಬಾಡಿಗೆ ಗಾಡಿಯಲ್ಲಿ ಲೇಹ್, ನುಬ್ರಾ ಕಣಿವೆ, ಪ್ಯಾಂಗಾಂಗ್ ಸರೋವರ ಸುತ್ತುವ ಮನೆಮಂದಿಗೆ. ಬೈಕಿನವರಿಗೆ, ಜನವರಿಯಲ್ಲಿ ಹೆಪ್ಪುಗಟ್ಟಿದ ಜಂಸ್ಕಾರ್ ನದಿ ಮೇಲೆ ನಡೆಯುವವರಿಗೆ ಇಷ್ಟು ಸಾಲದು. ಅವರ ಲೆಕ್ಕವೇ ಬೇರೆ.

ಒದ್ದೆ ಚಳಿ, ಒಣ ಚಳಿ

'ನಮಗೇನು ಚಳಿ ಹೊಸದಾ?' ಅಂತ ಮಲೆನಾಡಿನವರು ಕೇಳುತ್ತಾರೆ. ಹೊಸದೇ. ನಮ್ಮದು ಒದ್ದೆ ಚಳಿ. ಜುಲೈನಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ, ಬಚ್ಚಲೊಲೆ ಹತ್ತಿರ ಹರವಬೇಕು. ಆದರೆ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸ ಇರುವುದಿಲ್ಲ. ಬೆಳಗ್ಗೆ ಹಾಕಿದ ಸ್ವೆಟರ್ ರಾತ್ರಿವರೆಗೂ ಮೈಮೇಲಿದ್ದರೆ ಆಯಿತು.

ಲಡಾಖ್ ಇರುವುದು ಹಿಮಾಲಯದ ಮಳೆನೆರಳಿನಲ್ಲಿ. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಮಳೆ ಪಟ್ಟು ಹಿಡಿದರೆ ಒಂದೇ ದಿನದಲ್ಲಿ ಅಷ್ಟು ಸುರಿಯುತ್ತದೆ. ಅಲ್ಲಿನ ಗಾಳಿಯಲ್ಲಿ ಪಸೆಯೇ ಇಲ್ಲ, ಗಾಳಿಯೂ ತೆಳು. ಬಿಸಿಲು ನೇರ ಚರ್ಮಕ್ಕೇ ಬಡಿಯುತ್ತದೆ. ಸೂರ್ಯ ಗುಡ್ಡದ ಹಿಂದೆ ಹೋದ ಕೂಡಲೇ ಬಿಸಿಯೂ ಹೊರಟುಹೋಗುತ್ತದೆ. ಬಿಸಿಲಲ್ಲಿ ಟೀ ಶರ್ಟ್, ನಾಲ್ಕು ಹೆಜ್ಜೆ ಆಚೆ ನೆರಳಿಗೆ ಹೋದರೆ ಸ್ವೆಟರ್. ಇದು ಉತ್ಪ್ರೇಕ್ಷೆ ಅಲ್ಲ.

ಇದರ ಮೇಲೆ ಎತ್ತರದ ಲೆಕ್ಕ ಬೇರೆ. ಪ್ರತಿ 1,000 ಮೀಟರ್ ಮೇಲೆ ಹೋದ ಹಾಗೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಲೇಹ್ ಇರುವುದು 3,500 ಮೀಟರ್‌ನಲ್ಲಿ. ಖರ್ದುಂಗ್ ಲಾ, ಚಾಂಗ್ ಲಾ ಘಾಟಿಗಳೆರಡೂ 5,300ರ ಮೇಲೆ. ಅಂದರೆ ಲೇಹ್‌ನಲ್ಲಿ 8 ಡಿಗ್ರಿ ಇದ್ದಾಗ ಮೇಲೆ ಸೊನ್ನೆಗಿಂತ ಮೂರು ನಾಲ್ಕು ಕೆಳಗೆ. ಅದಕ್ಕೆ ಗಾಳಿ ಸೇರಿಸಿಕೊಳ್ಳಿ. ಜುಲೈನಲ್ಲೂ ಅಲ್ಲಿ ಹಿಮ ಉದುರಬಹುದು. ಕೆಳಗೆ ಮಳೆ ಅಪರೂಪ ಅಂತ ಅದನ್ನೂ ಹಗುರ ಮಾಡಬೇಡಿ. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟವಾಗಿ ಲೇಹ್ ಊರಿಗೇ ಕೆಸರು ನುಗ್ಗಿತು, ನೂರಕ್ಕೂ ಜಾಸ್ತಿ ಜನ ಸತ್ತರು. ಒಣ ಗುಡ್ಡಗಳಿಗೆ ಮಳೆ ತಡೆಯುವ ಶಕ್ತಿ ಇಲ್ಲ.

ಒಂದು ದಿನ ಹೇಗೆ ಹೋಗುತ್ತದೆ

ಲೇಹ್‌ನಿಂದ ಪ್ಯಾಂಗಾಂಗ್‌ಗೆ ಹೋಗುವ ದಿನವನ್ನೇ ತಗೊಳ್ಳಿ. ಈ ಒಂದು ದಿನಕ್ಕೆ ಬ್ಯಾಗ್ ಸರಿಯಾಗಿ ಕಟ್ಟಿದರೆ ಉಳಿದ ದಿನಗಳಿಗೂ ಸರಿಯಾಗುತ್ತದೆ.

ಬೆಳಗ್ಗೆ ಆರೂವರೆಗೆ ಗಾಡಿ ಹತ್ತುತ್ತೀರಿ. ಸೆಪ್ಟೆಂಬರ್ ನಡುವಿನಲ್ಲಿ ಆ ಹೊತ್ತಿಗೆ ಮಾತಾಡಿದರೆ ಬಾಯಿಂದ ಹಬೆ ಬರುತ್ತದೆ. ಒಳಗೆ ಥರ್ಮಲ್ ಅನ್ನುವ ಬೆಚ್ಚನೆಯ ಒಳಉಡುಪು, ಮೇಲೆ ಫ್ಲೀಸ್ ಅನ್ನುವ ಹಗುರ ಮೆತ್ತನೆ ಸ್ವೆಟರ್‌ನಂಥದ್ದು, ತಲೆಗೆ ಟೋಪಿ. ಶೇ, ಥಿಕ್ಸೆ ದಾಟುವಷ್ಟರಲ್ಲಿ ಬಿಸಿಲು ಬರುತ್ತದೆ. ಖಾರುವಿನಲ್ಲಿ ಪರಾಟ ತಿಂದು ಮತ್ತೆ ಗಾಡಿ ಹತ್ತಿದ ಮೇಲೆ ಒಂದು ತಮಾಷೆ ಶುರು. ಬಿಸಿಲಿನ ಬದಿಗೆ ಕೂತವರು ಬೆವರುತ್ತಾ ಕಿಟಕಿ ಇಳಿಸುತ್ತಾರೆ. ಎದುರು ಬದಿಯವರು ಮುಚ್ಚಿ ಮುಚ್ಚಿ ಅಂತ ಕೂಗುತ್ತಾರೆ. ಇಬ್ಬರದೂ ಸರಿಯೇ. ಬಿಸಿಲಿನ ಬದಿಯವರು ಫ್ಲೀಸ್ ಬಿಚ್ಚಿ ಮಡಿಲಲ್ಲಿಟ್ಟುಕೊಳ್ಳಬೇಕು. ಬೆವರಲು ಬಿಡಬಾರದು. ಬೆವರಿದ ಬಟ್ಟೆ ಇನ್ನೊಂದು ಗಂಟೆಯಲ್ಲಿ ಮೈಮೇಲೆ ತಣ್ಣಗಾಗುತ್ತದೆ, ಹೊರಗಿನ ಚಳಿಗಿಂತ ಅದೇ ಜಾಸ್ತಿ ಕಾಡುತ್ತದೆ.

ಸಕ್ತಿ ಊರು ದಾಟಿದ ಮೇಲೆ ಏರು. ಕೆಳಗೆ ಬಾರ್ಲಿ ಗದ್ದೆಗಳು ಚಿಕ್ಕದಾಗುತ್ತಾ ಹೋಗುತ್ತವೆ. ಮೋಡ ಬಂದರೆ ಹತ್ತೇ ನಿಮಿಷದಲ್ಲಿ ಗಾಜಿನ ಮೇಲೆ ಹಿಮದ ಪುಡಿ. ಚಾಂಗ್ ಲಾದಲ್ಲಿ ಎಲ್ಲರೂ ಫೋಟೋಕ್ಕೆ ಇಳಿಯುತ್ತಾರೆ. ಇಳಿಯುವ ಮುಂಚೆಯೇ, ಗಾಡಿಯೊಳಗೆ ಕೂತೇ, ಫ್ಲೀಸ್, ಜಾಕೆಟ್, ಗ್ಲೌಸ್ ಎಲ್ಲ ಹಾಕಿಕೊಳ್ಳಬೇಕು. ಇಳಿದ ಮೇಲೆ ಹಾಕಿಕೊಳ್ಳೋಣ ಅಂದರೆ ಗಾಳಿ ಜಾಕೆಟ್ಟಿನ ತೋಳು ಸಿಗಲು ಬಿಡುವುದಿಲ್ಲ. ಜಿಪ್ ಎಳೆಯಲು ಬೆರಳು ಬಗ್ಗುವುದಿಲ್ಲ. ಉಸಿರು ಬೇರೆ ಕಟ್ಟುತ್ತದೆ, ಯಾಕೆಂದರೆ ಅಲ್ಲಿ ಸಿಗುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ಸಿಗುವುದರ ಅರ್ಧದಷ್ಟು. ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಅಲ್ಲಿ ನಿಲ್ಲಲೂ ಬೇಡಿ.

ಇಳಿಯುತ್ತಾ ದುರ್ಬುಕ್, ತಾಂಗ್ತ್ಸೆ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಹೊರಗಿನ ಬೆಂಚಲ್ಲಿ ಕೂತರೆ ಮತ್ತೆ ಸೆಕೆ! ಜಾಕೆಟ್ ಹೋಯಿತು, ಫ್ಲೀಸ್ ಹೋಯಿತು, ಕನ್ನಡಕ ಬಂತು. ಸರೋವರದ ಹತ್ತಿರ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ನೀರು ನೀಲಿ, ಬಿಸಿಲು ಚುರುಚುರು, ಕಿವಿ ಮಾತ್ರ ಮರಗಟ್ಟುತ್ತದೆ. ಸೂರ್ಯ ಮುಳುಗಿದ ಮೇಲೆ ಹೇಳುವುದೇ ಬೇಡ. ಅಲ್ಲಿನ ಎತ್ತರ 4,200 ಮೀಟರ್ ದಾಟುತ್ತದೆ. ಸೆಪ್ಟೆಂಬರ್ ರಾತ್ರಿಗಳಲ್ಲಿ ಸೊನ್ನೆಗಿಂತ ಕೆಳಗೆ ಹೋಗುವುದು ಮಾಮೂಲು.

ಬೆಳಗ್ಗೆಯಿಂದ ಅದೇ ನಾಲ್ಕು ಬಟ್ಟೆ ಹಾಕಿದ್ದು, ಬಿಚ್ಚಿದ್ದು, ಮತ್ತೆ ಹಾಕಿದ್ದು. ಮೇಲಿರುವ ದೊಡ್ಡ ಬ್ಯಾಗ್ ರಾತ್ರಿವರೆಗೆ ಕೆಳಗಿಳಿದಿಲ್ಲ. ಹಾಗಾಗಿ ನಿಮ್ಮ ತಲೆ ಓಡಬೇಕಾದ್ದು ಕಾಲ ಬಳಿ ಇಟ್ಟುಕೊಳ್ಳುವ ಚಿಕ್ಕ ಬ್ಯಾಗಿನ ಮೇಲೆ.

ಪದರ ಪದರ

ಮೈಗೆ ತಾಗುವ ಪದರ ಹತ್ತಿ ಆಗಿರಬಾರದು. ನಮಗೆಲ್ಲ ಹತ್ತಿ ಅಂದರೆ ಪ್ರಾಣ. ಆದರೆ ಹತ್ತಿ ಬೆವರು ಕುಡಿಯುತ್ತದೆ, ಬೇಗ ಬಿಡುವುದಿಲ್ಲ. ಸಣ್ಣ ಊರುಗಳ ಅಂಗಡಿಯಲ್ಲಿ ಥರ್ಮಲ್ ಅಂತ ಕೊಡುವುದು ಎಷ್ಟೋ ಸಲ ದಪ್ಪ ಹತ್ತಿ ಬನಿಯನ್ನೇ. ಲೇಬಲ್ ಓದಿ ತಗೊಳ್ಳಿ. ಪಾಲಿಸ್ಟರ್ ಆದರೆ ಸರಿ, ಉಣ್ಣೆ ಆದರೆ ಇನ್ನೂ ಒಳ್ಳೆಯದು. ಉಣ್ಣೆಗೆ ಬೇಗ ವಾಸನೆ ಹಿಡಿಯುವುದಿಲ್ಲ. ಮೈಗೆ ಅಂಟಿದ ಹಾಗೆ ಇರಬೇಕು, ಜೋತಾಡಬಾರದು. ಎರಡು ಜೊತೆ ಸಾಕು. ಒಂದನ್ನು ಮಲಗಲಿಕ್ಕೆ ಅಂತಲೇ ಮೀಸಲಿಡಿ. ಹಗಲು ಹಾಕಿದ್ದರಲ್ಲಿ ಮಲಗಬೇಡಿ.

ನಡುವಿನ ಪದರಕ್ಕೆ ಫ್ಲೀಸ್ ಅಥವಾ ಸ್ವೆಟರ್. ಇಲ್ಲಿ ನಾನು ಹೊಸದೇನೂ ಕೊಳ್ಳಬೇಡಿ ಅನ್ನುತ್ತೇನೆ. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಸ್ವೆಟರ್ ಮಾರಲು ಟಿಬೆಟಿನವರು ಬರುತ್ತಾರಲ್ಲ, ಅವರ ಹತ್ತಿರ ಕೊಂಡದ್ದು ಮನೆಯಲ್ಲಿ ಇರುತ್ತದೆ. ಅದೇ ಸಾಕು. ಒಂದು ದಪ್ಪದ ಬದಲು ಎರಡು ತೆಳು ಒಳ್ಳೆಯದು, ನಡುವೆ ಗಾಳಿ ನಿಲ್ಲುತ್ತದೆ, ಬಿಚ್ಚಲೂ ಸುಲಭ. ಎದುರಿಗೆ ಜಿಪ್ ಅಥವಾ ಗುಂಡಿ ಇರುವುದನ್ನೇ ಆರಿಸಿ. ತಲೆಯಿಂದ ಎಳೆದು ತೆಗೆಯುವ ಸ್ವೆಟರ್ ಗಾಡಿಯೊಳಗೆ ಪಕ್ಕದವರ ಮೂಗಿಗೆ ಮೊಣಕೈ ಕೊಡುತ್ತದೆ.

ಹೊರಗಿನ ಪದರದ ಕೆಲಸ ಬೆಚ್ಚಗಿಡುವುದಲ್ಲ, ಗಾಳಿ ತಡೆಯುವುದು. ಇದನ್ನು ಒಮ್ಮೆ ತಲೆಗೆ ಹಾಕಿಕೊಂಡರೆ ದುಡ್ಡು ಉಳಿಯುತ್ತದೆ. ಗಾಳಿ ತೂರುವ ಸ್ವೆಟರ್ ಎಷ್ಟು ದಪ್ಪವಿದ್ದರೂ ಚಾಂಗ್ ಲಾದಲ್ಲಿ ಏನೂ ಅಲ್ಲ. ನಾವು ಬೈಕಿಗೆ ಹಾಕುವ ರೈನ್‌ಕೋಟ್ ಇದೆಯಲ್ಲ, ಎರಡು ಪದರದ ಮೇಲೆ ಅದನ್ನು ಹಾಕಿದರೆ ಗಾಳಿ ಒಳಗೆ ಬರುವುದಿಲ್ಲ, ಹಿಮ ಬಿದ್ದರೂ ಒದ್ದೆಯಾಗುವುದಿಲ್ಲ. ನಡೆದರೆ ಒಳಗೆ ಬೆವರುತ್ತದೆ ನಿಜ. ಆದರೆ ಗಾಡಿಯಿಂದ ಇಳಿದು ಫೋಟೋ ತೆಗೆದು ಹತ್ತುವವರಿಗೆ ಧಾರಾಳ ಸಾಕು. ಅದರ ಪ್ಯಾಂಟನ್ನೂ ಬಿಡಬೇಡಿ.

ಪುಕ್ಕ ತುಂಬಿದ ಪಫರ್ ಜಾಕೆಟ್ ಇದ್ದರೆ ತಗೊಳ್ಳಿ, ಸಂಜೆಗೆ ಸುಖ. ಮುದ್ದೆ ಮಾಡಿದರೆ ಸಣ್ಣ ಚೀಲದಲ್ಲಿ ಕೂರುತ್ತದೆ. ಆದರೆ ಪುಕ್ಕ ಒದ್ದೆಯಾದರೆ ಮುದುಡಿಹೋಗುತ್ತದೆ, ಮತ್ತೆ ಬೆಚ್ಚಗಿಡುವುದಿಲ್ಲ. ಮಳೆಗಾಲದಲ್ಲಿ ನಾಟಿ ಮಾಡುವವರು ಕಂಬಳಿಕೊಪ್ಪೆ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಕುರಿ ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ. ಹಾಗಂತ ಕಂಬಳಿಯನ್ನೇ ಹೊತ್ತು ಹೋಗಬೇಡಿ, ಭಾರ. ಒಂದು ಉಣ್ಣೆ ಶಾಲು ಸಾಕು. ಗಾಡಿಯಲ್ಲಿ ಮೊಣಕಾಲ ಮೇಲೆ, ರಾತ್ರಿ ಕತ್ತಿಗೆ, ನಿದ್ದೆ ಬಂದರೆ ಕಿಟಕಿಗೆ ಒರಗಲು.

ಸೀರೆ ಬಿಟ್ಟು ಬೇರೆ ಉಡುವುದಿಲ್ಲ ಅನ್ನುವ ಹಿರಿಯರು ನಮ್ಮ ಗುಂಪಲ್ಲೂ ಇರುತ್ತಾರೆ. ನಮ್ಮತ್ತೆಯೇ ಒಬ್ಬರು. ತೊಂದರೆ ಏನೂ ಇಲ್ಲ. ಲಂಗದ ಒಳಗೆ ಥರ್ಮಲ್ ಪ್ಯಾಂಟ್, ರವಿಕೆಯ ಒಳಗೆ ತುಂಬು ತೋಳಿನ ಥರ್ಮಲ್. ಸೀರೆ ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಿರಲಿ, ಶೂಗೆ ಸಿಕ್ಕಿಕೊಳ್ಳಬಾರದು. ಸೆರಗಿನ ಮೇಲೆ ಸ್ವೆಟರ್ ಹಾಕಬೇಕು, ಸ್ವೆಟರ್ ಮೇಲೆ ಸೆರಗಲ್ಲ. ಇಲ್ಲದಿದ್ದರೆ ಗಾಳಿಗೆ ಸೆರಗು ಹಿಡಿಯುವುದೇ ಕೆಲಸ. ಸಿಂಥೆಟಿಕ್ ಸೀರೆ ಬೇಗ ಒಣಗುತ್ತದೆ, ಹತ್ತಿ ಸೀರೆ ಮನೆಯಲ್ಲೇ ಇರಲಿ.

ಜೀನ್ಸ್ ಒಂದು ಸಾಕು, ಅದೂ ವಿಮಾನಕ್ಕೆ.

ಎಲ್ಲ ಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ. ನಮ್ಮೂರ ಸೆಕೆಯಲ್ಲೇ ಆಗಲಿ, ಎಲ್ಲ ಪದರ ಒಟ್ಟಿಗೆ ಹಾಕಿಕೊಳ್ಳಿ. ಕೈ ಮೇಲೆತ್ತಿ. ಬಗ್ಗಿ ಶೂ ಲೇಸ್ ಕಟ್ಟಿ. ಕುರ್ಚಿಯಲ್ಲಿ ಕೂತು ಎಲ್ಲ ಬಿಚ್ಚಿ, ಮತ್ತೆ ಹಾಕಿ. ಸ್ವೆಟರ್ ಮೇಲೆ ಹೊರಗಿನ ಜಾಕೆಟ್ಟಿನ ಜಿಪ್ ಕೂರದಿದ್ದರೆ ಅದು ನಿಮ್ಮ ಅಳತೆಯಲ್ಲ, ಅಂಗಡಿಯವರು ಏನೇ ಹೇಳಲಿ.

ತಲೆ, ಕೈ, ಕಾಲು

ಮಂಕಿ ಕ್ಯಾಪ್ ಅಂದರೆ ಹುಡುಗರು ನಗುತ್ತಾರೆ. ನಗಲಿ. ಕಿವಿ, ಕತ್ತು, ಗಲ್ಲ ಮೂರನ್ನೂ ಒಟ್ಟಿಗೆ ಮುಚ್ಚುವ ಬೇರೆ ಸಾಮಾನು ಆ ಬೆಲೆಗೆ ಸಿಗುವುದಿಲ್ಲ. ಹಗಲಿಗೆ ಅಗಲ ಅಂಚಿನ ಟೋಪಿ ಬೇರೆ ಬೇಕು, ಅದಕ್ಕೆ ಗದ್ದದ ಕೆಳಗೆ ಕಟ್ಟುವ ದಾರ ಇರಬೇಕು. ದಾರ ಇಲ್ಲದ ಟೋಪಿ ಪ್ಯಾಂಗಾಂಗ್ ನೀರಿಗೇ ಹೋಗುತ್ತದೆ.

ಗ್ಲೌಸ್ ಎರಡು ಜೊತೆ ಇರಲಿ. ತೆಳುವಾದದ್ದು ಒಂದು, ಮೊಬೈಲ್ ಒತ್ತಲು. ಅದರ ಮೇಲೆ ಹಾಕುವ ದಪ್ಪದ್ದು ಒಂದು.

ಸಾಕ್ಸ್ ವಿಚಾರದಲ್ಲಿ ಎಲ್ಲರೂ ಮಾಡುವುದು ಒಂದೇ, ಒಂದರ ಮೇಲೊಂದು ಎರಡು ಮೂರು ಹಾಕಿ ಶೂ ಬಿಗಿಯುವುದು. ಬಿಗಿಯಾದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ. ಒಂದೇ ಉಣ್ಣೆ ಸಾಕ್ಸ್, ಒಳಗೆ ಬೆರಳು ಆಡುವಷ್ಟು ಜಾಗ ಇರುವ ಶೂ. ಕೈಯಲ್ಲಿ ಹೆಣೆದ ಉಣ್ಣೆ ಸಾಕ್ಸ್ ಲೇಹ್ ಪೇಟೆಯಲ್ಲಿ ಹೆಂಗಸರು ಮಾರುತ್ತಾರೆ, ಅಲ್ಲೇ ಕೊಳ್ಳಿ, ರಾತ್ರಿ ಮಲಗಲಿಕ್ಕೆ ಅದರಂಥದ್ದಿಲ್ಲ. ಶೂ ಮಾತ್ರ ಹೊಸದು ಬೇಡ. ಊರಲ್ಲಿ ಹಾಕಿ ಪಳಗಿದ್ದು ಬೇಕು.

ಹಿಮ ಕರಗಿ ಬರುವ ಹಳ್ಳಗಳು ಬೆಳಗ್ಗೆ ಸಣ್ಣಗಿರುತ್ತವೆ, ಬಿಸಿಲೇರಿದ ಹಾಗೆ ಉಬ್ಬುತ್ತವೆ. ಪ್ಯಾಂಗಾಂಗ್ ದಾರಿಯಲ್ಲಿ ಪಾಗಲ್ ನಾಲಾ ಅಂತಲೇ ಒಂದಿದೆ. ಗಾಡಿ ತಳ್ಳಲು ಇಳಿದರೆ ಕಾಲು ಒದ್ದೆ. ಹಾಗಾಗಿ ಕೈಚೀಲದಲ್ಲಿ ಒಂದು ಜೊತೆ ಒಣ ಸಾಕ್ಸ್, ಎರಡು ಪ್ಲಾಸ್ಟಿಕ್ ಕವರ್. ಶೂ ಒದ್ದೆಯಾದರೂ ಒಣ ಸಾಕ್ಸ್ ಹಾಕಿ, ಅದರ ಮೇಲೆ ಕವರ್ ಸುತ್ತಿ ಶೂ ಹಾಕಿದರೆ ಸಂಜೆವರೆಗೆ ನಿಭಾಯಿಸಬಹುದು. ಜೊತೆಗೆ ಒಂದು ರಬ್ಬರ್ ಚಪ್ಪಲಿ, ಕೋಣೆಯಲ್ಲಿ ಓಡಾಡಲು.

ಆ ಚಿಕ್ಕ ಬ್ಯಾಗ್

ಶಾಲೆ ಮಕ್ಕಳ ಬ್ಯಾಗಿನಷ್ಟು ದೊಡ್ಡದು ಸಾಕು. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಇರಲಿ. 'ಎಲ್ಲರದೂ ಅಮ್ಮನ ಬ್ಯಾಗಲ್ಲಿ' ಅಂದರೆ ಅಮ್ಮ ಊರು ನೋಡುವುದೇ ಇಲ್ಲ. ತಳದಲ್ಲಿ ಹೊರಗಿನ ಜಾಕೆಟ್ ಅಥವಾ ರೈನ್‌ಕೋಟ್, ಅದರ ಮೇಲೆ ಒಣ ಸಾಕ್ಸ್, ಮೇಲುಗಡೆ ಫ್ಲೀಸ್. ಟೋಪಿ ಗ್ಲೌಸ್ ಎದುರಿನ ಜೇಬಲ್ಲಿ. ಯಾವುದು ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುವ ಹಾಗಿರಬೇಕು. ಪಕ್ಕದ ಜೇಬಲ್ಲಿ ಬಿಸಿನೀರಿನ ಫ್ಲಾಸ್ಕ್. ಇನ್ನೊಂದು ಪಕ್ಕದಲ್ಲಿ ಟಿಶ್ಯೂ ಮತ್ತು ಖಾಲಿ ಕವರ್, ವಾಂತಿಗೆ. ಬೇಡ ಅನ್ನಬೇಡಿ, ಆ ತಿರುವುಗಳಲ್ಲಿ ಒಬ್ಬರಿಗಾದರೂ ಬೇಕಾಗುತ್ತದೆ.

ಬಿಸಿಲಿನ ಸಾಮಾನು ಕೈಗೆ ಸಿಗಬೇಕು. ಯುವಿ ತಡೆಯುವ ತಂಪು ಕನ್ನಡಕ ಶೋಕಿಗಲ್ಲ. ಹಿಮದ ಮೇಲಿನ ಬೆಳಕು ಕಣ್ಣು ಕೆಂಪಗೆ ಮಾಡಿ ನೀರು ಸುರಿಸುತ್ತದೆ. ಎಸ್‌ಪಿಎಫ್ 50 ಸನ್‌ಸ್ಕ್ರೀನ್, ಮೂಗಿನ ತುದಿ, ಕಿವಿ, ಕತ್ತಿನ ಹಿಂದೆ ಎಲ್ಲ ಕಡೆ. ಗಂಡಸರು ಇದೆಲ್ಲ ನಮಗಲ್ಲ ಅಂತಾರೆ, ಮೂರನೇ ದಿನ ಮೂಗಿನ ಸಿಪ್ಪೆ ಏಳುತ್ತದೆ. ತುಟಿಗೆ ಲಿಪ್ ಬಾಮ್ ಜೇಬಲ್ಲೇ ಇರಲಿ.

ಕೊಬ್ಬರಿ ಎಣ್ಣೆ ಹಚ್ಚಿದರೆ ಆಯಿತು ಅಂತ ಬಾಟಲಿ ತಂದವರಿಗೆ ಒಂದು ಮಾತು. 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತದೆ. ಲೇಹ್‌ನಲ್ಲಿ ಸಣ್ಣ ಬಾಯಿಯ ಬಾಟಲಿ ಎಷ್ಟು ಹಿಂಡಿದರೂ ಒಂದು ಹನಿ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಗೆ ಹಾಕಿ ತನ್ನಿ, ಬೆರಳಲ್ಲಿ ಕೆರೆದು ಹಚ್ಚಬಹುದು. ಮೂಗಿನ ಒಳಗೆ ಒಣಗಿ ರಕ್ತ ಕಾಣಿಸುವುದು ಅಲ್ಲಿ ಮಾಮೂಲು, ರಾತ್ರಿ ಒಂಚೂರು ವ್ಯಾಸಲೀನ್ ಹಚ್ಚಿ ಮಲಗಿ.

ಬಾಟಲಿಗಳ ಕಥೆ ಇನ್ನೂ ಇದೆ. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ. ಊರಲ್ಲಿ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಅಲ್ಲಿ ಹಿಗ್ಗುತ್ತದೆ. ಚಿಪ್ಸ್ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬುತ್ತದೆ. ಶಾಂಪೂ ಮುಚ್ಚಳ ತೆಗೆದ ಕೂಡಲೇ ತಾನೇ ಹೊರಗೆ ಹರಿಯುತ್ತದೆ. ಮಿಡಿ ಉಪ್ಪಿನಕಾಯಿ ಬಾಟಲಿಯ ಎಣ್ಣೆ ಮುಚ್ಚಳದ ಸಂದಿಯಿಂದ ನಿಧಾನಕ್ಕೆ ಇಳಿದು ಇಡೀ ಬ್ಯಾಗಿಗೆ ಇಂಗಿನ ವಾಸನೆ ಹಿಡಿಸುತ್ತದೆ. ಮೆತ್ತನೆ ಬಾಟಲಿಯಾದರೆ ಒಳಗಿನ ಗಾಳಿ ಹಿಂಡಿ ಮುಚ್ಚಳ ಹಾಕಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡಿ, ಆಮೇಲೆ ಜಿಪ್ ಕವರ್‌ನಲ್ಲಿಡಿ. ಉಪ್ಪಿನಕಾಯಿ ಬದಲು ಚಟ್ನಿಪುಡಿ ತಗೊಂಡರೆ ಈ ರಗಳೆಯೇ ಇಲ್ಲ.

ಔಷಧಿ

ಇದು ಕಡ್ಡಾಯವಾಗಿ ಕೈಚೀಲದಲ್ಲೇ. ಬಿಪಿ, ಶುಗರ್ ಮಾತ್ರೆಗಳನ್ನು ಬೇಕಾದ್ದಕ್ಕಿಂತ ನಾಲ್ಕೈದು ದಿನ ಜಾಸ್ತಿಗೆ ಇಟ್ಟುಕೊಳ್ಳಿ, ಚೀಟಿ ಸಮೇತ. ಲೇಹ್ ವಿಮಾನಗಳು ಹವಾಮಾನ ಕೆಟ್ಟರೆ ರದ್ದಾಗುತ್ತವೆ. ಮಧ್ಯಾಹ್ನದ ಮೇಲೆ ಗಾಳಿ ಜೋರಾಗುವುದರಿಂದ ಹೆಚ್ಚಿನವು ಬೆಳಗ್ಗೆಯೇ ಹಾರುತ್ತವೆ. ಬೆಳಗ್ಗೆ ತಪ್ಪಿದರೆ ಮರುದಿನದ ಮಾತು. ಇನ್ಸುಲಿನ್ ತಗೊಳ್ಳುವವರು ಅದು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು, ಹೆಪ್ಪುಗಟ್ಟಿದ್ದು ಕರಗಿದರೂ ಪ್ರಯೋಜನವಿಲ್ಲ. ಪ್ಯಾಂಗಾಂಗ್ ರಾತ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮ ರಜಾಯಿಯೊಳಗೇ ಇಟ್ಟುಕೊಳ್ಳಿ.

ಎತ್ತರದಲ್ಲಿ ಆಗುವ ತಲೆನೋವು, ವಾಂತಿಯಂಥ ತೊಂದರೆಗೆ ಡೈಮಾಕ್ಸ್ ಮಾತ್ರೆ ಅಂತ ಎಲ್ಲರೂ ಹೇಳುತ್ತಾರೆ. ಹೊರಡುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿಯೇ ತಗೊಳ್ಳಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ಮಾತ್ರೆ ಇದೆ ಅಂತ ಇಳಿದ ದಿನವೇ ಓಡಾಡಬೇಡಿ. ವಿಮಾನದಲ್ಲಿ ಹೋದವರು ಎರಡು ದಿನ ಲೇಹ್‌ನಲ್ಲಿ ಸುಮ್ನೆ ಕೂರಬೇಕು. ಕರ್ಪೂರದ ಗಂಟು ಮೂಗಿಗೆ ಹಿಡಿದರೆ ಮೂಗು ತೆರೆದ ಹಾಗನ್ನಿಸುತ್ತದೆ, ಆಮ್ಲಜನಕ ಏನೂ ಜಾಸ್ತಿಯಾಗುವುದಿಲ್ಲ. ಆಮ್ಲಜನಕದ ಕ್ಯಾನ್ ವಿಮಾನಕ್ಕೆ ಬಿಡುವುದಿಲ್ಲ, ಲೇಹ್‌ನಲ್ಲಿ ಸಿಗುತ್ತದೆ. ಅದು ಕೆಲವು ನಿಮಿಷಕ್ಕಷ್ಟೇ. ತಲೆನೋವು ವಿಪರೀತವಾದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಮದ್ದು ಒಂದೇ, ಕೆಳಗಿಳಿಯುವುದು. ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆ ಎಲ್ಲಿದೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ತಿನ್ನಲು

ಲೇಹ್ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಿದೆ ಅಂತ ಕಂಡರೂ ಅಕ್ಕಿ ಬೇಗ ಬೇಯುವುದಿಲ್ಲ, ಅಲ್ಲಿನವರು ಎಲ್ಲಕ್ಕೂ ಕುಕ್ಕರ್ ಇಡುತ್ತಾರೆ. ಹಾಗಾಗಿ ಬೇಯಿಸದೆ ಆಗುವಂಥದ್ದು ತನ್ನಿ. ಗೊಜ್ಜವಲಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು. ಹುಣಸೆ, ಬೆಲ್ಲ, ಸಾರಿನಪುಡಿ ಹಾಕಿ ಒಣಗಿಸಿದ ರವೆಯಂಥ ಅವಲಕ್ಕಿಗೆ ಫ್ಲಾಸ್ಕಿನ ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಊಟ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆಗ ನಾಲಿಗೆಗೆ ಪರಿಚಯವಿರುವ ಹುಳಿ ಖಾರವೇ ಒಳಗೆ ಹೋಗುವುದು. ಕೊತ್ತಂಬರಿ, ಜೀರಿಗೆ, ಮೆಣಸಿನ ಕಷಾಯ ಪುಡಿ ಒಂದು ಡಬ್ಬಿ. ಎಲ್ಲಿ ಹೋದರೂ ಬಿಸಿನೀರು ಕೊಡುತ್ತಾರೆ. ಅಲ್ಲಿನ ಬೆಣ್ಣೆ ಉಪ್ಪಿನ ಚಹಾವನ್ನೂ ಕುಡಿದು ನೋಡಿ, ಸಾರು ಅಂದುಕೊಂಡು ಕುಡಿದರೆ ಚೆನ್ನಾಗಿರುತ್ತದೆ. ಕೋಡುಬಳೆ, ಚಕ್ಕುಲಿ ಇಷ್ಟೇ ಸಾಕು. ಹಲಸಿನ ಹಪ್ಪಳದ ಕಟ್ಟು ತಂದವರನ್ನೂ ನೋಡಿದ್ದೇನೆ. ಕರಿಯುವವರು ಯಾರು?

ಫೋನ್, ದುಡ್ಡು, ಕಾಗದ

ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಗುಂಪಿನಲ್ಲಿ ಇಬ್ಬರ ಹತ್ತಿರ ಬೇರೆ ಬೇರೆ ಕಂಪನಿಯದ್ದು ಇದ್ದರೆ ಒಳ್ಳೆಯದು. ನೆಟ್‌ವರ್ಕ್ ಇಲ್ಲದಲ್ಲಿ ಯುಪಿಐ ಇಲ್ಲ, ಹಾಗಾಗಿ ಲೇಹ್ ಬಿಡುವ ಮುಂಚೆ ನೋಟು ತೆಗೆದಿಟ್ಟುಕೊಳ್ಳಿ. ಆಧಾರ್ ಮೂಲ ಪ್ರತಿ, ನಾಲ್ಕೈದು ಜೆರಾಕ್ಸ್.

ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಫೋನನ್ನು ಒಳಜೇಬಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಚೆಕ್‌ಇನ್ ಬ್ಯಾಗಲ್ಲಿ ಹಾಕಬಾರದು, ಕೈಯಲ್ಲೇ ಒಯ್ಯಬೇಕು. ಪ್ಯಾಂಗಾಂಗ್ ಕಡೆಯ ಬಹಳ ಕ್ಯಾಂಪ್‌ಗಳಲ್ಲಿ ಕರೆಂಟ್ ಸಂಜೆ ಕೆಲವು ಗಂಟೆ ಮಾತ್ರ. ತಲೆಗೆ ಕಟ್ಟುವ ಟಾರ್ಚ್ ಒಂದು ತನ್ನಿ. ರಾತ್ರಿ ಬಚ್ಚಲಿಗೆ ಹೋಗುವಾಗ ಎರಡೂ ಕೈ ಬೇಕು ಅಲ್ವಾ.

ಬಿಟ್ಟು ಬರಬೇಕಾದ್ದು

ಕೊಡೆ ಬೇಡ, ಗಾಳಿ ಮಗುಚಿ ಹಾಕುತ್ತದೆ. ಬೆಡ್‌ಶೀಟು, ಹೊದಿಕೆ ಬೇಡ, ರಜಾಯಿ ಎಲ್ಲ ಕಡೆ ಕೊಡುತ್ತಾರೆ. ದಿನಕ್ಕೊಂದು ಅಂಗಿ ಅನ್ನುವ ಲೆಕ್ಕ ಬೇಡ. ಅಲ್ಲಿ ಬೆವರು ಕಡಿಮೆ, ತೊಳೆದದ್ದು ಅರ್ಧ ದಿನದಲ್ಲಿ ಒಣಗುತ್ತದೆ. ನಿತ್ಯ ತಲೆಗೆ ಸ್ನಾನ ಮಾಡುವವರು ಆ ನೇಮಕ್ಕೂ ರಜೆ ಕೊಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಸಾಕು. ಪಂಚೆ ಒಂದು ಇರಲಿ, ತೆಳುವಾದದ್ದು. ಟವೆಲ್ಲೂ ಅದೇ, ಕತ್ತಿಗೂ ಅದೇ, ಧೂಳಿಗೆ ಮೂಗಿಗೂ ಅದೇ.

ದೊಡ್ಡ ಬ್ಯಾಗ್ ಮೆತ್ತನೆಯದಾಗಿರಲಿ. ಗಾಡಿಯ ಮೇಲೆ ಹಗ್ಗ ಬಿಗಿಯುವಾಗ ಗಟ್ಟಿ ಸೂಟ್‌ಕೇಸ್ ಒಡೆಯುತ್ತದೆ, ಚಕ್ರ ಆ ಕಲ್ಲುದಾರಿಯಲ್ಲಿ ಉರುಳುವುದೂ ಇಲ್ಲ. ಒಳಗೆ ಗೊಬ್ಬರದ ಚೀಲದ ಒಳಪದರದಂಥ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ತೊಳೆದದ್ದು ಮತ್ತೆ, ಬಾಯಿ ಕಟ್ಟಿ. ಮಳೆಗಿಂತ ಧೂಳು ಜಾಸ್ತಿ ಒಳಗೆ ಬರುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಬಿಡುತ್ತಾರೆ, ಕೈಯಲ್ಲಿ 7. ಇಷ್ಟೆಲ್ಲ ಹಾಕಿದರೂ 10 ಕಿಲೋ ದಾಟಬಾರದು. ದಾಟಿದರೆ ಏನೋ ಸುಮ್ನೆ ತುರುಕಿದ್ದೀರಿ ಅಂತ ಅರ್ಥ. ತೂಕದ ಯಂತ್ರ ಇಲ್ಲದಿದ್ದರೆ ಅಡಿಕೆ ತೂಗುವ ತಕ್ಕಡಿಗೆ ನೇತುಹಾಕಿ, ನಾನು ಮಾಡುವುದು ಅದೇ.

ಹೊರಡುವ ದಿನ ಏನು ಹಾಕಿಕೊಳ್ಳಬೇಕು ಅನ್ನುವುದೂ ಯೋಚಿಸಬೇಕಾದ್ದೇ. ಬೆಂಗಳೂರಿಂದ ದೆಹಲಿ, ಅಲ್ಲಿಂದ ಬೆಳಗಿನ ಲೇಹ್ ವಿಮಾನ. ಜೂನ್‌ನ ದೆಹಲಿಯಲ್ಲಿ 40 ಡಿಗ್ರಿ ದಾಟಿರುತ್ತದೆ. ಒಂದೂವರೆ ಗಂಟೆ ಆದ ಮೇಲೆ ಲೇಹ್‌ನಲ್ಲಿ ಇಳಿದಾಗ ಹತ್ತು ಡಿಗ್ರಿ. ಥರ್ಮಲ್ ಹಾಕಿಕೊಂಡು ದೆಹಲಿಯಲ್ಲಿ ರಾತ್ರಿ ಕಳೆಯಲು ಆಗುವುದಿಲ್ಲ. ಟೀ ಶರ್ಟ್, ಪ್ಯಾಂಟ್, ಶೂ ಮಾತ್ರ ಹಾಕಿಕೊಳ್ಳಿ. ಶೂ ಭಾರ, ಅದು ಬ್ಯಾಗಲ್ಲಿ ಬೇಡ. ಫ್ಲೀಸ್, ಟೋಪಿ ಕೈಚೀಲದ ಮೇಲುಗಡೆ ಇರಲಿ. ಇಳಿಯುವ ಮುಂಚೆ ಸೀಟಲ್ಲೇ ಹಾಕಿಕೊಳ್ಳಿ. ಫ್ಲಾಸ್ಕ್ ಖಾಲಿ ಇದ್ದರೆ ತಪಾಸಣೆಯಲ್ಲಿ ತಕರಾರಿಲ್ಲ. ಒಳಗೆ ಹೋದ ಮೇಲೆ ನೀರು ತುಂಬಿಸಿಕೊಳ್ಳಿ, ಲೇಹ್ ಮುಟ್ಟುವಷ್ಟರಲ್ಲಿ ಅರ್ಧ ಕುಡಿದಿರಬೇಕು.